ಅವತ್ತು ಕರೆಂಟು ಹೋಗಿರಲಿಲ್ಲ

ನಾನು ಕಂಪನಿ ಕೆಲಸಕ್ಕೆ ಹೋದದ್ದು ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿ ಹಾಗೆ ಅಂದುಕೊಳ್ಳುವವರು ಇರುತ್ತಾರೆ. ನಮ್ಮ ಮನೆಯಲ್ಲೇ ಇದ್ದಾರೆ. ಹೋದದ್ದು ಸರಿ, ಹೋದ ಬಗೆ ಸರಿಯಲ್ಲ. ನನ್ನ ತಮ್ಮನಿಗೆ ಒಂದು ಟಿವಿ ಗೇಮಿನಲ್ಲಿ ಮೋಸ ಮಾಡಿ ಹೋದೆ. ಆಟ ತಾನೇ ಎಂದು ನಗುವವರು ನಗಲಿ. ನಾನು ಓದಿದ್ದು ಏಳನೇ ಕ್ಲಾಸು. ಯಾವುದು ದೊಡ್ಡ ವಿಷಯ, ಯಾವುದು ಸಣ್ಣದು ಎಂದು ಬೇರೆಯವರು ಮಾಡಿಟ್ಟ ಅಳತೆ ನನಗೆ ಗೊತ್ತಿಲ್ಲ. ನಡೆದದ್ದು ಮಾತ್ರ ಗೊತ್ತು.

ನಮ್ಮೂರು ರಾಮನಗರ ತಾಲ್ಲೂಕಿನಲ್ಲಿ, ಕೂಟಗಲ್ ಕಡೆ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಹುಳುವಿನ ಮನೆಯಲ್ಲಿ ಸೊಪ್ಪಿನದೇ ಬದುಕು. ಹಿಪ್ಪುನೇರಳೆ ಸೊಪ್ಪು ಕುಯ್ಯಬೇಕು, ಹೊರೆ ಕಟ್ಟಬೇಕು, ತಲೆಯ ಮೇಲೆ ಹೊತ್ತು ತರಬೇಕು, ಹುಳುವಿಗೆ ಹಾಕಬೇಕು, ಅದು ತಿಂದು ಮುಗಿಸುವಷ್ಟರಲ್ಲಿ ಮತ್ತೆ ಕುಯ್ಯಲು ಹೋಗಬೇಕು. ಅಪ್ಪ, ಅವ್ವ, ನಾನು, ನನಗಿಂತ ಎರಡು ವರ್ಷಕ್ಕೆ ಚಿಕ್ಕವನಾದ ತಮ್ಮ, ಇಷ್ಟು ಜನ ದುಡಿದರೂ ಹುಳುವಿನ ಬಾಯಿಗೆ ಸಾಲುತ್ತಿರಲಿಲ್ಲ. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಪಕ್ಕದ ಮನೆಯಲ್ಲೇ ಇದ್ದ. ಅವನ ಕೈ ಸೊಪ್ಪಿಗೆ ಸಹಾಯವಾಗುತ್ತಿರಲಿಲ್ಲ, ಬಾಯಿ ಮಾತ್ರ ಎಲ್ಲದಕ್ಕೂ ಬರುತ್ತಿತ್ತು.

ಒಂದು ಬೆಳೆಗೆ ರೇಷ್ಮೆ ಗೂಡು ಚೆನ್ನಾಗಿ ಬಂತು. ರಾಮನಗರದ ಮಾರ್ಕೆಟ್ಟಿನಲ್ಲಿ ಮಾರಿ ಬರುವಾಗ ಅಪ್ಪ ಏನು ಮನಸ್ಸಾಯಿತೋ ಒಂದು ಟಿವಿ ಗೇಮು ತಂದ. ಒಂದು ಕಪ್ಪು ಡಬ್ಬ, ವೈರಿರುವ ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಕ್ಯಾಸೆಟ್ಟಿನಲ್ಲಿ ಸಾವಿರಾರು ಆಟಗಳಿವೆ ಎಂದು ಅದರ ಮೇಲೆ ಬರೆದಿತ್ತು. ಇದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು, ಅವೇ ಹೆಸರು ಬದಲಾಯಿಸಿಕೊಂಡು ತಿರುತಿರುಗಿ ಬರುತ್ತಿದ್ದವು. ಗುಂಡು ಹಾರಿಸುವ ಆಟ, ಗಾಡಿ ಓಡಿಸುವ ಆಟ, ಗೋಡೆ ಹಾರುವ ಆಟ. ಬೀದಿಯ ಹುಡುಗರೆಲ್ಲ ಬಂದು ನಮ್ಮ ನಡುಮನೆಯಲ್ಲಿ ಕೂರುತ್ತಿದ್ದರು.

ಅವುಗಳಲ್ಲಿ ಒಂದು ಆಟ ಏನೆಂದು ಯಾರಿಗೂ ತಿಳಿಯಲಿಲ್ಲ. ಟಿವಿ ತುಂಬ ಬೆಳ್ಳನೆಯ ನೆಲ. ಅದರ ಮೇಲೆ ತುದಿ ಬಾಗಿದ ಕೋಲು ಹಿಡಿದ ಜನ. ಎರಡು ಕೊನೆಯಲ್ಲೂ ಒಂದೊಂದು ಬಲೆ, ಬಲೆ ಕಾಯಲು ಒಬ್ಬೊಬ್ಬ. ನಡುವೆ ಒಂದು ಕಪ್ಪು ಚೂರು ಸರ್ರೆಂದು ಓಡಾಡುತ್ತಿತ್ತು. ಆಟಗಾರರನ್ನು ಬಲಕ್ಕೆ ತಿರುಗಿಸಿದರೆ ಒಂದಷ್ಟು ದೂರ ಎಡಕ್ಕೇ ಜಾರಿ ಆಮೇಲೆ ತಿರುಗುತ್ತಿದ್ದರು.

ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುತ್ತದೆ. ಜ್ವರಕ್ಕೆ ಹೋಯಿತು ಎನ್ನುತ್ತೇವೆ. ಆಗ ತಟ್ಟೆಯ ಮೇಲೆಲ್ಲ ಸುಣ್ಣದ ಪುಡಿ ಎರಚುತ್ತೇವೆ. ಟಿವಿಯ ನೆಲ ಥೇಟ್ ಹಾಗೇ ಕಂಡಿತು.

"ಸುಣ್ಣ ಎರಚವ್ರೆ ಕಣಕ್ಕ," ಎಂದ ತಮ್ಮ. "ಅದಕ್ಕೇ ಇವು ಜಾರ್ತಾವೆ."

ನಾವು ಅದನ್ನೇ ನಂಬಿದೆವು. ಅದು ಮಂಜುಗಡ್ಡೆ, ಜನ ಬೂಟಿನ ಕೆಳಗೆ ಕತ್ತಿಯಂಥದು ಕಟ್ಟಿಕೊಂಡು ಅದರ ಮೇಲೆ ಆಡುತ್ತಾರೆ, ಆ ಆಟದ ಹೆಸರು ಐಸ್ ಹಾಕಿ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷ ಕಳೆದು, ಕಂಪನಿಯ ಕ್ಯಾಂಟೀನಿನ ಟಿವಿಯಲ್ಲಿ. ನಮಗೆ ಐಸ್ ಎಂದರೆ ಸೈಕಲ್ಲಿನ ಹಿಂದೆ ಡಬ್ಬದಲ್ಲಿ ಬರುತ್ತಿದ್ದ ಐಸ್‌ಕ್ಯಾಂಡಿ. ಅದರ ಮೇಲೆ ನಿಂತು ಯಾರಾದರೂ ಆಡುತ್ತಾರೆ ಎಂದರೆ ನಾವೇ ನಗುತ್ತಿದ್ದೆವು.

ಆ ಕಪ್ಪು ಚೂರು ಚಪ್ಪಟೆಯಾಗಿ ಗುಂಡಗಿತ್ತು. ನಾನು ಅದಕ್ಕೆ ಬಿಲ್ಲೆ ಎಂದೆ. ಕುಂಟೆಬಿಲ್ಲೆ ಆಡುವಾಗ ಚೌಕದಿಂದ ಚೌಕಕ್ಕೆ ಕಾಲಲ್ಲಿ ತಳ್ಳುವ ಹೆಂಚಿನ ಚೂರಿಗೂ ನಾವು ಬಿಲ್ಲೆ ಎಂದೇ ಹೇಳುವುದು. ನಾನು ಬಾಯಿಬಿಟ್ಟದ್ದೇ ತಡ, ಹುಡುಗರೆಲ್ಲ ರಿಮೋಟು ಕೆಳಗಿಟ್ಟರು. ಕುಂಟೆಬಿಲ್ಲೆ ಹೆಣ್ಣುಮಕ್ಕಳ ಆಟ. ಆ ಒಂದು ಹೆಸರಿನಿಂದ ಆ ಆಟ ನಮ್ಮೂರಿನ ಗಂಡುಹುಡುಗರಿಗೆ ಬೇಡವಾಯಿತು.

ಒಬ್ಬನಿಗೆ ಬಿಟ್ಟು. ತಮ್ಮ ನನ್ನ ಜೊತೆ ಆಡುವುದನ್ನು ನಿಲ್ಲಿಸಲಿಲ್ಲ. ಕಿಟಕಿಯಲ್ಲಿ ಇಣುಕಿ ಹುಡುಗರು ಕೂಗುತ್ತಿದ್ದರು.

"ಲೇ, ಕುಂಟೆಬಿಲ್ಲೆ ಆಡ್ತಾ ಕೂತವ್ನೆ ಕಣ್ಲಾ. ಜಡೆ ಹಾಕಿಸ್ಕಂಡು ಬಾರ್ಲಾ ಈಚೆಗೆ."

"ಹೂ ಕಣ್ಲಾ, ಹಾಕಿಸ್ಕಂಡು ಬತ್ತೀನಿ. ಹೂವ ನೀನ್ ತಂದ್ಕೊಡು," ಎನ್ನುತ್ತಿದ್ದ ಅವನು, ಟಿವಿಯಿಂದ ಕಣ್ಣು ತೆಗೆಯದೆ.

ಸೊಪ್ಪಿನ ಹೊರೆ ಹೊತ್ತು ಬೀದಿಯಲ್ಲಿ ಹೋದರೂ ಅವನನ್ನು ಹಾಗೇ ಕರೆಯುತ್ತಿದ್ದರು. ಅವನು ತಲೆ ತಗ್ಗಿಸಿದ್ದನ್ನು ನಾನು ನೋಡಲಿಲ್ಲ.

ಆಟ ಶುರುವಾಗುವ ಮುಂಚೆ ನಮ್ಮ ಆಳುಗಳನ್ನು ನಾವೇ ಆರಿಸಬೇಕಿತ್ತು. ಸಣಕಲು, ಮಧ್ಯಮ, ದಪ್ಪ, ಹೀಗೆ ಮೂರು ಬಗೆ. ಸಣಕಲರು ಗಾಳಿಯಂತೆ ಓಡುತ್ತಿದ್ದರು, ಆದರೆ ಯಾರಾದರೂ ಮೈ ತಾಗಿಸಿದರೆ ಬೀಳುತ್ತಿದ್ದರು. ದಪ್ಪನೆಯವರು ತುಂಬಿದ ಗಾಡಿಯಂತೆ ನಿಧಾನ, ಹೊಡೆದರೆ ಮಾತ್ರ ಬಿಲ್ಲೆ ಬಲೆಯವನ ಸಮೇತ ಒಳಗೆ ಹೋಗುತ್ತದೋ ಎನ್ನಿಸುತ್ತಿತ್ತು. ತಮ್ಮ ಯಾವಾಗಲೂ ಸಣಕಲರನ್ನೇ ಹೆಚ್ಚು ಹಾಕಿಕೊಳ್ಳುವನು. ನಾನು ಇಬ್ಬರು ದಪ್ಪನೆಯವರನ್ನು ಇಟ್ಟುಕೊಂಡು ಅವನ ಸಣಕಲರನ್ನು ಕೆಡವುತ್ತಿದ್ದೆ. ಆಟದ ನಡುವೆ ಎರಡು ಗಾಡಿಗಳು ಬಂದು ನೆಲ ಸವರಿ ಹೋಗುತ್ತಿದ್ದವು. "ಸುಣ್ಣದ ಗಾಡಿ ಬಂತು" ಎಂದು ಅವನು ಎದ್ದು ಓಡಿ ಹುಳುವಿನ ತಟ್ಟೆ ನೋಡಿಕೊಂಡು ಬರುವನು.

ಹೀಗೆ ಆಡುತ್ತ ನಮ್ಮಿಬ್ಬರಲ್ಲಿ ಒಂದು ಪದ್ಧತಿಯಾಯಿತು. ಯಾವ ಕೆಲಸ ಯಾರು ಮಾಡಬೇಕು ಎಂದು ಜಗಳ ಬಂದರೆ ಬಿಲ್ಲೆ ಆಡಿ ತೀರ್ಮಾನಿಸುವುದು. ಹುಳುವಿನ ಹಿಕ್ಕೆ ಬಳಿಯುವವರು ಯಾರು, ಬೋರಿನಿಂದ ನೀರು ತರುವವರು ಯಾರು, ಎಲ್ಲ ಅಲ್ಲೇ. ಸೋತವರು ಮರುಮಾತಾಡುವಂತಿರಲಿಲ್ಲ. ಇನ್ನೊಂದು ನಿಯಮವಿತ್ತು. ನಡುವೆ ಕರೆಂಟು ಹೋದರೆ ಆಟ ಮೊದಲಿಂದ, ಎಷ್ಟೇ ಮುಂದಿದ್ದರೂ ಅದು ಲೆಕ್ಕಕ್ಕಿಲ್ಲ. ಆ ನಿಯಮ ಮಾಡಿದ್ದು ಅವನು. ಒಮ್ಮೆ ಅವನು ತುಂಬಾ ಮುಂದಿದ್ದಾಗ ಕರೆಂಟು ಹೋಗಿ, ಗೆದ್ದವನು ನೀನಲ್ಲ ಎಂದು ನಾನು ರಂಪ ಮಾಡಿದ್ದೆ. "ಆಯ್ತು ಬುಡಕ್ಕ, ಮೊದ್ಲಿಂದ ಆಡಣ, ಅತ್ಗೊಂಡು ಕೂರ್ಬೇಡ," ಎಂದಿದ್ದ. ಅಂದಿನಿಂದ ಅದೇ ಕಾನೂನು. ನಮ್ಮೂರಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಹೋಯಿತು ಎಂದರೆ ಹೋಯಿತು.

ಆ ಹೊತ್ತಿಗೆ ಬಿಡದಿ ಕಡೆ ಒಂದಾದ ಮೇಲೊಂದು ಕಂಪನಿ ಏಳುತ್ತಿದ್ದವು. ರಾಗಿ ಹೊಲಗಳಿದ್ದಲ್ಲಿ ತಗಡಿನ ಉದ್ದುದ್ದ ಚಾವಣಿ ಬಂದವು. ಹೊಸ ಕಾರುಗಳನ್ನು ಎರಡಂತಸ್ತಾಗಿ ಹೇರಿಕೊಂಡ ಲಾರಿಗಳು ಹೈವೇಯಲ್ಲಿ ಹೋಗುತ್ತಿದ್ದವು. ತಮ್ಮ ರಾಮನಗರಕ್ಕೆ ಹೋದಾಗಲೆಲ್ಲ ರಸ್ತೆ ಬದಿ ನಿಂತು ಅವುಗಳನ್ನು ನೋಡುತ್ತಿದ್ದ. ಒಂದು ಕಾರಿಗೆ ಎಷ್ಟು ವೈರು ಬೇಕಾಗಬಹುದು ಎಂದು ನನ್ನನ್ನು ಕೇಳುತ್ತಿದ್ದ. ನನಗೇನು ಗೊತ್ತು.

ಕಾರಿನ ವೈರಿನ ಕಂಪನಿಯೇ ಒಂದು ನಮ್ಮ ಕಡೆಯಿಂದ ಜನ ತೆಗೆದುಕೊಳ್ಳುತ್ತದೆ ಎಂದು ಸುದ್ದಿ ಬಂತು. ಆಳು ಸೇರಿಸುವ ಮೇಸ್ತ್ರಿ ಮನೆಗೇ ಬಂದ. ಗಂಡಾಗಲಿ ಹೆಣ್ಣಾಗಲಿ, ಹದಿನೆಂಟು ತುಂಬಿದ್ದರೆ ಸಾಕು, ಹೈವೇವರೆಗೆ ಬಂದರೆ ಕಂಪನಿ ಬಸ್ಸು ಹತ್ತಿಸಿಕೊಳ್ಳುತ್ತದೆ ಎಂದ. ತಮ್ಮನಿಗೆ ಆಗಷ್ಟೇ ಹದಿನೆಂಟು ತುಂಬಿತ್ತು. ಇಬ್ಬರೂ ಹೋದರೆ ಹುಳುವಿಗೆ ಸೊಪ್ಪು ತರುವವರಿಲ್ಲ. ಒಬ್ಬರು ಕಂಪನಿಗೆ, ಒಬ್ಬರು ಸೊಪ್ಪಿಗೆ.

"ಅವ್ನು ಹೋಗ್ಲಿ," ಎಂದ ಅಪ್ಪ. ಬೇರೆ ಮಾತೇ ಇಲ್ಲ. ನನ್ನ ಕಡೆ ಯಾರೂ ನೋಡಲಿಲ್ಲ.

"ನಾನು ಹೋಯ್ತೀನಿ," ಎಂದೆ.

ಚಿಕ್ಕಪ್ಪ ಜಗಲಿಯ ಮೇಲಿಂದಲೇ ನಕ್ಕ. "ಹೋಗವ್ವ ಹೋಗು. ಸಾಯಂಕಾಲಕ್ಕೆ ಅವ್ರೇ ಒಂದ್ ಕಾರಲ್ಲಿ ಕೂರ್ಸಿ ವಾಪಸ್ ಕಳುಸ್ತಾರೆ."

ಎಲ್ಲರೂ ನಕ್ಕರು, ಅವ್ವನೂ. ನಾನು ಹಿತ್ತಿಲಿಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ತಮ್ಮ ಹಿಂದೆಯೇ ಬಂದ.

"ನಿಂಗೆ ನಿಜ್ವಾಗ್ಲೂ ಹೋಗ್ಬೇಕಾ?"

"ಹೋಗ್ಬೇಕು. ನಿಂಗೆ?"

"ನಂಗೂ ಹೋಗ್ಬೇಕು." ನನ್ನ ಕೈಯಲ್ಲಿದ್ದ ಪಾತ್ರೆ ತೆಗೆದುಕೊಂಡು ಕೆಳಗಿಟ್ಟ. "ಹಂಗಾದ್ರೆ ಬಿಲ್ಲೆ ಆಡಣ. ಗೆದ್ದೋರು ಹೋಗದು."

"ಅಪ್ಪ ಒಪ್ತಾನಾ?"

"ನೀ ಗೆದ್ರೆ ನಾ ಹೋಗಲ್ಲ ಅಂತೀನಿ. ನನ್ನೇನು ಮೂಟೆ ಕಟ್ಟಿ ಬಸ್ಸಿಗೆ ಹಾಕ್ತಾರಾ?"

ಈ ಮಾತನ್ನು ಸರಿಯಾಗಿ ಬರೆಯಬೇಕು. ಕೆಲಸ ಆಗಲೇ ಅವನ ಕೈಯಲ್ಲಿತ್ತು. ಅವನು ಏನೂ ಮಾಡದೆ ಬೆಳಿಗ್ಗೆ ಎದ್ದು ಬಸ್ಸು ಹತ್ತಿದ್ದರೆ ಮುಗಿಯುತ್ತಿತ್ತು. ಇಡೀ ಮನೆಯಲ್ಲಿ, ಇಡೀ ಊರಿನಲ್ಲಿ, ನನಗೂ ಒಂದು ಅವಕಾಶ ಇರಲಿ ಎಂದವನು ಅವನೊಬ್ಬ. ನಾನು ಮೋಸ ಮಾಡಿದ್ದು ಅಪ್ಪನಿಗಲ್ಲ, ಚಿಕ್ಕಪ್ಪನಿಗಲ್ಲ, ಅವನಿಗೆ.

ಹುಳು ಜ್ವರಕ್ಕೆ ಹೋಗಿದ್ದ ದಿನ ಆಡಿದೆವು. ಅಂಥ ದಿನ ಮೇವು ಹಾಕುವುದಿಲ್ಲ, ಮನೆಗೆ ಸ್ವಲ್ಪ ಬಿಡುವು. ಮಧ್ಯಾಹ್ನ ಅಪ್ಪ ಅವ್ವ ಹೊರಗೆ ಮರದ ನೆರಳಲ್ಲಿ ಮಲಗಿದ್ದರು. ನಡುಮನೆಯಲ್ಲಿ ನಾವಿಬ್ಬರೇ. ಟಿವಿಗೂ ಗೇಮಿಗೂ ಒಂದೇ ಸ್ವಿಚ್ಚಿನ ಡಬ್ಬಿ, ಅದು ನೆಲದ ಮೇಲೆ ನನ್ನ ಕಾಲಿನ ಹತ್ತಿರ ಇತ್ತು. ಹಗಲಾದ್ದರಿಂದ ಬಲ್ಬು ಹಾಕಿರಲಿಲ್ಲ.

ಅವನ ಸಣಕಲರು ಅಂದು ಬೀಳಲೇ ಇಲ್ಲ. ನನ್ನ ದಪ್ಪನೆಯವರು ತಿರುಗುವಷ್ಟರಲ್ಲಿ ಅವರು ದಾಟಿ ಹೋಗುತ್ತಿದ್ದರು. ಸುಣ್ಣದ ಗಾಡಿ ಎರಡು ಸಲ ಬಂದು ಹೋಯಿತು. ಕೊನೆಯ ಭಾಗದಲ್ಲಿ ಅವನದು ಮೂರು, ನನ್ನದು ಎರಡು. ಮೇಲ್ಗಡೆ ಹೊತ್ತಿನ ಅಂಕಿ ಇಳಿಯುತ್ತಿತ್ತು. ಬಿಲ್ಲೆ ಅವನ ಹತ್ತಿರವೇ ಇತ್ತು. ಅವನು ಹೊಡೆಯುತ್ತಿರಲಿಲ್ಲ, ಹೊತ್ತು ಕಳೆಯಲೆಂದು ನನ್ನವರನ್ನು ಸುಮ್ಮನೆ ಸುತ್ತಿಸುತ್ತಿದ್ದ.

ಕಾಲು ತಾನಾಗಿ ಹೋಯಿತು ಎಂದು ಬರೆಯಬಹುದಿತ್ತು. ತಾನಾಗಿ ಹೋಗಲಿಲ್ಲ. ನಾನು ಸ್ವಿಚ್ಚು ಎಲ್ಲಿದೆ ಎಂದು ಹೆಬ್ಬೆರಳಲ್ಲಿ ಹುಡುಕಿದೆ, ಸಿಕ್ಕಿತು, ಒತ್ತಿದೆ.

ಟಿವಿ ಕಪ್ಪಾಯಿತು.

"ಥೂ, ಹೋಯ್ತು ನೋಡು ಹಾಳಾದ್ ಕರೆಂಟು," ಎಂದೆ.

ಅವನು ಕಪ್ಪು ಟಿವಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿ ನಕ್ಕ. "ನಿನ್ ಅದೃಷ್ಟ ಕಣಕ್ಕ," ಎಂದು ರಿಮೋಟು ಕೆಳಗಿಟ್ಟ. ಮುಂದಿದ್ದವನು ನಾನಲ್ಲವಾ ಎಂದು ಒಂದು ಮಾತೂ ಕೇಳಲಿಲ್ಲ. ನಿಯಮ ಅವನದೇ. ನೀರು ಕುಡಿಯಲು ಹಿತ್ತಿಲಿಗೆ ಹೋದ. ಅವನು ಮುಖ ತೊಳೆದುಕೊಳ್ಳುವ ಸದ್ದು ಕೇಳುತ್ತಿತ್ತು. ಕೆಲ ಹೊತ್ತು ಬಿಟ್ಟು ಅದೇ ಹೆಬ್ಬೆರಳಲ್ಲಿ ಮತ್ತೆ ಒತ್ತಿದೆ.

"ಬಂತು ಬಾರೋ," ಎಂದು ಕೂಗಿದೆ.

ಎರಡನೇ ಆಟವನ್ನು ನಾನು ಗೆದ್ದೆ. ಅದರಲ್ಲಿ ಮೋಸವಿರಲಿಲ್ಲ. ಬಹಳ ಕಾಲ ಅದೊಂದನ್ನೇ ಹಿಡಿದುಕೊಂಡು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ಈಗ ಅದು ನನಗೆ ಬೇಡ. ಎರಡನೇ ಆಟ ಇರಲೇಬಾರದಿತ್ತು.

ಸಂಜೆ ತಮ್ಮ ಅಪ್ಪನ ಎದುರು ನಿಂತ. "ಅಕ್ಕ ಹೋಯ್ತಳೆ ಕಂಪ್ನಿಗೆ. ಆಡಿದ್ವಿ, ನಾ ಸೋತೆ."

"ಆಟ ಆಡಿ ಕೆಲ್ಸ ಹಂಚ್ಕಂಡ್ರಾ? ತಲೆ ನೆಟ್ಟಗೈತೇನ್ಲಾ ನಿಂಗೆ?"

"ಆಡಿದ್ಮೇಲೆ ಆಯ್ತು ಕಣಪ್ಪ."

ಚಿಕ್ಕಪ್ಪ ಕೇಳಿಸಿಕೊಂಡು ಬಂದ. "ಹೆಣ್ಣಾಟ ಆಡಿ ಹೆಣ್ಣಿನ ಕೈಲಿ ಸೋತು, ಬಂದು ಬೇರೆ ಹೇಳ್ತಾ ಅವ್ನೆ. ನಾನಾಗಿದ್ರೆ ಬಾವಿಗೆ ಬೀಳ್ತಿದ್ದೆ."

"ಬಾವಿ ಬತ್ತೋಗದೆ ಚಿಕ್ಕಪ್ಪ. ಬಿದ್ರೆ ಕಾಲ್ ಮುರೀತದೆ ಅಷ್ಟೇಯ," ಎಂದ ತಮ್ಮ. ಆಮೇಲೆ ಅಪ್ಪನಿಗೆ ಹೇಳಿದ, "ಅಕ್ಕನ್ನ ಕಳಿಸ್ದೇ ಇದ್ರೆ ನಾ ಕಂಪ್ನಿಗೂ ಹೋಗಲ್ಲ, ಸೊಪ್ಪಿಗೂ ಹೋಗಲ್ಲ. ನೀವೂ ಹುಳನೂ ಏನಾರ ಮಾಡ್ಕಳಿ."

ಮಾರನೆಯ ಬೆಳಿಗ್ಗೆ ಹುಳು ಜ್ವರದಿಂದ ಎದ್ದಿತು. ಜ್ವರದಿಂದ ಎದ್ದ ಹುಳು ಹಸಿವು ತಾಳುವುದಿಲ್ಲ. ತಮ್ಮ ಗೋಡೆಗೆ ಒರಗಿ ಕೂತೇ ಇದ್ದ. ಅಪ್ಪ ತಟ್ಟೆಗಳನ್ನು ನೋಡಿದ, ಅವನನ್ನು ನೋಡಿದ, ಮತ್ತೆ ತಟ್ಟೆಗಳನ್ನು ನೋಡಿದ. "ಎದ್ದೇಳ್ಲಾ. ಹೋಗ್ಲಿ ಅವ್ಳು," ಎಂದ. ತಮ್ಮ ಕುಡುಗೋಲು ಎತ್ತಿಕೊಂಡು ಹೊರಟ.

ಹೀಗೆ ನಾನು ಕಂಪನಿಗೆ ಹೋದೆ. ಒಂದು ಸುಳ್ಳಿನ ಮೇಲೆ ಅವನು ಅಷ್ಟು ಗಟ್ಟಿಯಾಗಿ ನಿಂತ, ಆ ಸುಳ್ಳು ನನ್ನದು.

ಕಂಪನಿಯಲ್ಲಿ ನಾನು ಕಷ್ಟಪಟ್ಟೆ, ಪಶ್ಚಾತ್ತಾಪದಲ್ಲಿ ಬೆಂದೆ ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ನಾನು ಅಲ್ಲಿ ಸುಖವಾಗಿದ್ದೆ. ದೊಡ್ಡ ಹಲಗೆಯ ಮೇಲೆ ಬಣ್ಣಬಣ್ಣದ ವೈರುಗಳನ್ನು ಹಾಯಿಸಿ ಟೇಪು ಸುತ್ತಿ ಕಟ್ಟು ಮಾಡುವ ಕೆಲಸ. ದಿನವಿಡೀ ನಿಲ್ಲಬೇಕಿತ್ತು. ಸೊಪ್ಪಿನ ಹೊರೆ ಹೊತ್ತ ಕಾಲಿಗೆ ಅದು ಯಾವ ಲೆಕ್ಕ. ಬಸ್ಸಿನಲ್ಲಿ ಕನಕಪುರದ ಹುಡುಗಿಯರು, ಮಾಗಡಿಯ ಹುಡುಗಿಯರು, ಹಾಡು, ಜಗಳ. ನನ್ನ ಹೆಸರು ಬರೆದ ಪಟ್ಟಿ ಎದೆಯ ಮೇಲೆ. ಈಗ ಕರೆದರೂ ಹೋಗುತ್ತೇನೆ. ಮೊದಮೊದಲು ಸಂಜೆ ಮನೆಗೆ ಬಂದಾಗ ತಮ್ಮ ಕೇಳುವನು, "ಒಂದು ಕಾರಿಗೆ ಎಷ್ಟ್ ವೈರು ಬೇಕಕ್ಕ?" ನಾನು ಹೇಳುತ್ತಿದ್ದೆ. ಹೇಳುವಾಗ ಅವನ ಮುಖ ನೋಡುತ್ತಿರಲಿಲ್ಲ. ಆ ಟಿವಿ ಗೇಮನ್ನು ಅವನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದ.

ಕೆಲವು ವರ್ಷ ಕಳೆದು ಅವನಿಗೆ ಹೆಣ್ಣು ನೋಡುವ ಮಾತು ಬಂತು. ಸೋಲೂರು ಕಡೆಯವರು ಗಂಡಿನ ಮನೆ ನೋಡಲು ಬಂದರು. ನಾನೂ ರಜೆ ಹಾಕಿ ಮನೆಯಲ್ಲಿದ್ದೆ. ಅಷ್ಟು ಹೊತ್ತಿಗೆ ಹೆಣ್ಣು ಕೊಡುವವರೆಲ್ಲ ಹುಡುಗ ಕಂಪನಿಯಲ್ಲಿದ್ದಾನಾ ಎಂದೇ ಕೇಳುತ್ತಿದ್ದರು. ಹುಡುಗಿಯ ಅಪ್ಪನೂ ಕೇಳಿದ.

"ಕಂಪ್ನಿ ಇಷ್ಟ್ ಹತ್ರ ಐತೆ. ನೀವ್ಯಾಕಪ್ಪ ಹೋಗ್ಲಿಲ್ಲ?"

ತಮ್ಮ ಯಾವಾಗಲೂ ಹೇಳುವಂತೆ ಹೇಳಿದ. ಅವನಿಗೆ ಇದನ್ನು ಹೇಳಲು ನಾಚಿಕೆಯಿರಲಿಲ್ಲ, ಹೆಮ್ಮೆಯಿತ್ತು. "ನಾನೂ ನಮ್ಮಕ್ಕನೂ ಆಟ ಆಡಿ ತೀರ್ಮಾನ ಮಾಡಿದ್ವಿ. ನಮ್ಮಕ್ಕ ಗೆದ್ಲು. ಹೋದ್ಲು."

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಂಥಾ ಆಟ ಅಂತ ಕೇಳಿ," ಎಂದ ಚಿಕ್ಕಪ್ಪ. "ಕುಂಟೆಬಿಲ್ಲೆ. ನಮ್ ಹುಡ್ಗ ಕುಂಟೆಬಿಲ್ಲೇಲಿ ಸೋತವ್ನೆ."

ನಗು ಎದ್ದಿತು. ಹುಡುಗಿಯ ಅಪ್ಪ ಕೈಯಲ್ಲಿದ್ದ ಕಾಫಿ ಚೆಲ್ಲುವಷ್ಟು ನಕ್ಕ. ತಮ್ಮನೂ ನಕ್ಕ. ನಾನು ಬೋಂಡದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಇಷ್ಟು ವರ್ಷ ಸುಮ್ಮನಿದ್ದದ್ದು ಅವನ ಭಯಕ್ಕಲ್ಲ, ಚಿಕ್ಕಪ್ಪನಂಥವರ ಭಯಕ್ಕೆ. ನಾನು ಬಾಯಿಬಿಟ್ಟರೆ, ನೋಡಿದಿರಾ ಹೆಣ್ಣಿಗೆ ಸಲ್ಲದ್ದು ಎಂದು ಕುಣಿಯುತ್ತಾರೆ ಎಂದು ಗೊತ್ತಿತ್ತು. ಕುಣಿಯಲಿ ಎನ್ನಿಸಿತು.

"ಅವ್ನು ಸೋತಿಲ್ಲ," ಎಂದೆ. "ಮೂರು ಎರಡರಲ್ಲಿ ಗೆದ್ದಿದ್ದ. ನಾನು ಸ್ವಿಚ್ ಆರಿಸಿ ಕರೆಂಟು ಹೋಯ್ತು ಅಂದೆ. ಅವತ್ತು ಕರೆಂಟು ಹೋಗಿರ್ಲಿಲ್ಲ."

ಮೊದಲು ಬಾಯಿ ಬಂದದ್ದು ಚಿಕ್ಕಪ್ಪನಿಗೇ.

"ಅವತ್ತೇ ನಾ ಹೇಳಿರ್ಲಿಲ್ವಾ? ಅದು ಗಂಡುಡ್ಗಂಗೆ ಸೇರ್ಬೇಕಾದ್ದು ಅಂತ."

"ಗಂಡುಡ್ಗಂಗಲ್ಲ ಚಿಕ್ಕಪ್ಪ," ಎಂದೆ. "ಗೆದ್ದೋನಿಗೆ. ನಾನು ಸರ್ಯಾಗಿ ಗೆದ್ದಿದ್ರೆ ನಂದೇ ಆಗಿರೋದು. ಗಂಡು ಹೆಣ್ಣು ಅನ್ನೋದ್ನ ಇದ್ಕೆ ಸೇರಿಸ್ಬೇಡ."

ಚಿಕ್ಕಪ್ಪ ಏನೋ ಹೇಳಲು ಹೊರಟ. ತಮ್ಮ ಅವನ ಕಡೆ ತಿರುಗಿದ. ಅವನ ಮುಖದಲ್ಲಿ ನಗು ಹೋಗಿತ್ತು.

"ಗಂಡು ಅಂತ ಆ ಕೆಲ್ಸ ಬೇಕಾಗಿದ್ರೆ ನಾ ಆಡ್ತಾನೇ ಇರ್ಲಿಲ್ಲ ಚಿಕ್ಕಪ್ಪ," ಎಂದ. ಎದ್ದು, ಬಂದವರಿಗೆ ಕೈ ಮುಗಿದು, ಕುಡುಗೋಲು ತೆಗೆದುಕೊಂಡು ಹೊರಗೆ ಹೋದ.

ಆ ಸಂಬಂಧ ಕೂಡಿ ಬಂತು, ಆಮೇಲೆ. ಹುಡುಗಿ ಈ ಕಥೆ ಕೇಳಿ ಒಪ್ಪಿದಳಂತೆ. ಅದರಿಂದ ನನ್ನ ತಪ್ಪು ಹಗುರವಾಯಿತು ಎಂದು ಅವ್ವ ಹೇಳುತ್ತಾಳೆ. ಅವ್ವ ಹೇಳಲಿ, ನಾನು ಹೇಳುವುದಿಲ್ಲ.

ಅವತ್ತು ನಾನೂ ಒಂದು ಕುಡುಗೋಲು ಹಿಡಿದು ಅವನ ಹಿಂದೆ ತೋಟಕ್ಕೆ ಹೋದೆ. ಅವನು ಆಗಲೇ ಒಂದು ಸಾಲು ಕುಯ್ದಿದ್ದ. ನಾನು ಪಕ್ಕದ ಸಾಲು ಹಿಡಿದೆ. ಅವನು ಬಗ್ಗಿದಲ್ಲಿಂದಲೇ ಮಾತಾಡಿದ.

"ಸೋತೋನು ಅಂತ ಇದ್ದೆ. ಅದ್ರಲ್ಲಿ ಏನೂ ಕಷ್ಟ ಇರ್ಲಿಲ್ಲ ನಂಗೆ. ಈಗ ನನ್ನ ಮೋಸ ಹೋದೋನ್ ಮಾಡ್ಬುಟ್ಟೆ."

"ಹೂ," ಎಂದೆ.

"ಅಷ್ಟು ಜನದ್ ಮುಂದೆ ಹೇಳ್ಬೇಕಿತ್ತಾ?"

"ಅಷ್ಟು ಜನದ್ ಮುಂದೆ, ನಾ ಸೋತೆ ಅಂತ ನೀನೇ ಹೇಳ್ಕಂಡು ತಿರುಗ್ತಿದ್ದೆ."

ಅವನು ಮತ್ತೆ ಕುಯ್ಯತೊಡಗಿದ. ಸಾಲಿನ ಕೊನೆಗೆ ಹೋಗಿ ನಿಂತ.

"ಎಷ್ಟೊತ್ತು ಉಳಿದಿತ್ತು ಆಟ?"

"ಒಸಿ."

"ಅಷ್ಟ್ರಲ್ಲಿ ನೀನ್ ಇನ್ನೊಂದು ಹೊಡೀತಿದ್ಯೇನೋ ಬುಡು."

ಅವನು ನನಗೆ ದಾರಿ ಬಿಟ್ಟುಕೊಡುತ್ತಿದ್ದ, ಹಿಂದೆ ಕರೆಂಟಿನ ನಿಯಮ ಮಾಡಿದ ಹಾಗೇ. ಹೂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಹೊಡೀತಿರ್ಲಿಲ್ಲ," ಎಂದೆ. "ಬಿಲ್ಲೆ ನಿನ್ ಹತ್ರ ಇತ್ತು. ನೀನ್ ಬುಡ್ತಲೇ ಇರ್ಲಿಲ್ಲ."

ಅವನು ಮೊದಲ ಬಾರಿಗೆ ನನ್ನನ್ನು ನೇರ ನೋಡಿದ. "ಬುಡ್ತಿರ್ಲಿಲ್ಲ," ಎಂದ.

ಸೊಪ್ಪಿನ ಹೊರೆ ಕಟ್ಟಿದ. ತಲೆಯ ಮೇಲಕ್ಕೆ ಹೊರೆ ಎತ್ತಲು ಇನ್ನೊಬ್ಬರು ಕೈ ಹಾಕಬೇಕು. ಇಬ್ಬರಿದ್ದಾಗ ಯಾವಾಗಲೂ "ಬಾರಕ್ಕ, ಎತ್ತು" ಎನ್ನುವನು. ಅಂದು ಕರೆಯಲಿಲ್ಲ. ಹೊರೆಯನ್ನು ಬದುವಿನ ಮೇಲಕ್ಕೆ ಉರುಳಿಸಿ, ತಾನು ಕೆಳಗೆ ಕೂತು, ತಲೆ ಕೊಟ್ಟು, ಒಬ್ಬನೇ ಎದ್ದು ನಿಂತ. ನಾನು ಕೈ ಚಾಚಲಿಲ್ಲ. ನನ್ನ ಹೊರೆಯನ್ನೂ ಅದೇ ಬದುವಿಗೆ ಉರುಳಿಸಿ, ಹಾಗೇ ಎತ್ತಿಕೊಂಡು ಅವನ ಹಿಂದೆ ನಡೆದೆ.